ಬಚ್ಚಲುಮನೆಯಲ್ಲಿ ಕೆಂಪು ದೀಪ

ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲಿ ಅಜ್ಜಿಯ ಫೋಟೊ ಒಂದಿದೆ. ಕಪ್ಪು-ಬಿಳುಪಿನ ಚಿತ್ರ. ಅಜ್ಜಿ ಮುಂಬಾಗಿಲ ಎದುರು ನಿಂತಿದ್ದಾರೆ. ಅವರ ಹಿಂದೆ ತೆರೆದ ಬಾಗಿಲಿನೊಳಗೆ ಇದ್ದಿಲಿನಂಥ ಕಪ್ಪು, ಏನೂ ಕಾಣುವುದಿಲ್ಲ. ಬಾಗಿಲುವಾಡದ ಮೇಲೆ ಒಂದು ಕಡೆ ಮಾತ್ರ ನಾಲ್ಕು ಸಣ್ಣ ಬಿಳಿ ಗೆರೆಗಳಿವೆ. ಹಬ್ಬಕ್ಕೆ ಸುಣ್ಣ ಹೊಡೆಯುವಾಗ ತಗುಲಿದ ಕಲೆ ಇರಬೇಕೆಂದು ನಾವೆಲ್ಲ ಭಾವಿಸಿದ್ದೆವು. ಅಜ್ಜಿ ಸ್ಟುಡಿಯೋಗೆ ಹೋಗಿ ಫೋಟೊ ತೆಗೆಸಿಕೊಂಡವರಲ್ಲ. ಹೀಗಾಗಿ ತಿಥಿಯ ದಿನ ಹಾರ ಬೀಳುವುದು ಇದೊಂದಕ್ಕೇ.

ಈ ಫೋಟೊ ತಯಾರಾದದ್ದು ನಮ್ಮದೇ ಬಚ್ಚಲುಮನೆಯಲ್ಲಿ ಎಂಬುದು ನನಗೆ ಗೊತ್ತಾದದ್ದು ಕಳೆದ ವರ್ಷ, ಅಟ್ಟ ಗುಡಿಸುವಾಗ ದೊಡ್ಡಪ್ಪನ ಕಬ್ಬಿಣದ ಟ್ರಂಕು ಕೆಳಗಿಳಿದ ಮೇಲೆ. ಅದರೊಳಗೆ ಬಿಡಿಬಿಡಿಯಾಗಿ ಕಟ್ಟಿಟ್ಟ ಎನ್‌ಲಾರ್ಜರ್, ಎನಾಮಲ್ ತಟ್ಟೆಗಳು ಮೂರು, ಗಾಜಿನ ಅಳತೆ ಜಾಡಿ, ಥರ್ಮಾಮೀಟರ್, ಕಪ್ಪು ಬೇಕಲೈಟ್ ಡಬ್ಬಿ, ಕೆಂಪು ಬಣ್ಣದ ಝೀರೋ ಕ್ಯಾಂಡಲ್ ಬಲ್ಬು. ಬಟರ್ ಪೇಪರಿನ ಲಕೋಟೆಗಳಲ್ಲಿ ನೂರಾರು ನೆಗೆಟಿವ್. ಜೊತೆಗೆ ಎಂಬತ್ತು ಪುಟದ ಒಂದು ನೋಟ್‌ಬುಕ್. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ದೊಡ್ಡಪ್ಪ 1970ರಿಂದ ಸುಮಾರು ಇಪ್ಪತ್ತು ವರ್ಷ, ರಾತ್ರಿ ಊಟವಾದ ಮೇಲೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಫೋಟೊ ಪ್ರಿಂಟ್ ಹಾಕುತ್ತಿದ್ದರು.

ನಾನು ಪತ್ರಿಕೋದ್ಯಮದ ಡಿಪ್ಲೊಮಾ ಓದುವ ಹೊತ್ತಿಗೆ ಕಾಲೇಜಿನಲ್ಲಿ 'ಡಾರ್ಕ್‌ರೂಮ್' ಎಂಬ ಫಲಕವಿದ್ದ ಕೋಣೆಯಲ್ಲಿ ಮುರಿದ ಕುರ್ಚಿಗಳನ್ನು ಪೇರಿಸಿಟ್ಟಿದ್ದರು. ನನ್ನ ವಾರಿಗೆಯವರಿಗೆ ಡಾರ್ಕ್‌ರೂಮ್ ಎಂದರೆ ಹಳೆಯ ಸಿನಿಮಾದಲ್ಲಿ ಪತ್ತೇದಾರ ಕೆಂಪು ಬೆಳಕಿನಲ್ಲಿ ಕ್ಲಿಪ್ಪು ಹಾಕಿ ಫೋಟೊ ಒಣಗಹಾಕುವ ಜಾಗ, ಅಷ್ಟೆ. ಆದ್ದರಿಂದ ಈ ಕತ್ತಲೆ ಕೋಣೆ ಮನೆಯೊಳಗೆ ಹೇಗೆ ಬಂತು, ಅಲ್ಲಿ ಏನಾಗುತ್ತಿತ್ತು ಎಂಬುದನ್ನು ಮೊದಲಿಂದ ನೋಡುವುದೇ ಸರಿ.

ಛಾಯಾಗ್ರಹಣವನ್ನು ಲೋಕಕ್ಕೆ ಸಾರಿದ ವರ್ಷ 1839. ಫ್ರಾನ್ಸಿನ ಡಾಗೆರ್ ತೋರಿಸಿದ್ದು ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲಿನ ಚಿತ್ರ. ನೋಡಲು ಅದ್ಭುತ, ಆದರೆ ಒಂದೇ ಒಂದು. ಅದರಿಂದ ಪ್ರತಿ ತೆಗೆಯುವಂತಿರಲಿಲ್ಲ. ಅದೇ ವರ್ಷ ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ ತೋರಿಸಿದ್ದು ಕಾಗದದ ಮೇಲಿನ ಚಿತ್ರ. ಅದರಲ್ಲಿ ಬಿಳಿ ಕಪ್ಪಾಗಿತ್ತು, ಕಪ್ಪು ಬಿಳಿಯಾಗಿತ್ತು. ಈ ತಿರುವುಮುರುವು ಚಿತ್ರವನ್ನು ಇನ್ನೊಂದು ಕಾಗದದ ಮೇಲಿಟ್ಟು ಬಿಸಿಲಿಗೊಡ್ಡಿದರೆ ಸರಿಯಾದ ಚಿತ್ರ, ಅದೂ ಬೇಕಾದಷ್ಟು ಪ್ರತಿ. ಇವಕ್ಕೆ 'ನೆಗೆಟಿವ್', 'ಪಾಸಿಟಿವ್' ಎಂಬ ಹೆಸರು ಕೊಟ್ಟವರು ಖಗೋಳ ವಿಜ್ಞಾನಿ ಜಾನ್ ಹರ್ಷೆಲ್. ಬೆಳಕು ತಾಗದೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ತೆಗೆದು ಚಿತ್ರವನ್ನು ಶಾಶ್ವತಗೊಳಿಸುವ ವಸ್ತುವನ್ನು ಹೇಳಿಕೊಟ್ಟವರೂ ಅವರೇ. 1819ರಲ್ಲೇ ಅದರ ಗುಣವನ್ನು ಅವರು ಕಂಡುಕೊಂಡಿದ್ದರು. ಸ್ಟುಡಿಯೋಗಳಲ್ಲಿ ಮೂಲೆಯ ಬಕೆಟ್ಟಿನಲ್ಲಿರುತ್ತಿದ್ದ 'ಹೈಪೋ' ಎಂದರೆ ಅದೇ.

ಕರ್ನಾಟಕಕ್ಕೂ ಈ ಕಾಗದದ ನೆಗೆಟಿವ್ ಬೇಗನೆ ಬಂತು. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೇನೆಯಲ್ಲಿದ್ದ ಲಿನೇಯಸ್ ಟ್ರೈಪ್ 1854ರ ಕೊನೆಯಲ್ಲಿ ಹಳೇಬೀಡು, ಬೇಲೂರಿನ ದೇವಾಲಯಗಳ ಚಿತ್ರ ತೆಗೆದು ಮರುವರ್ಷ ಮದ್ರಾಸಿನ ಪ್ರದರ್ಶನದಲ್ಲಿಟ್ಟರು. ಆ ಕಾಲದಲ್ಲಿ ಚಿತ್ರ ತೆಗೆಯುವವನೇ ಕಾಗದಕ್ಕೆ ಮದ್ದು ಬಳಿಯಬೇಕು, ತೊಳೆಯಬೇಕು, ಪ್ರಿಂಟನ್ನೂ ಹಾಕಬೇಕು. ಟ್ರೈಪ್ ಬಗ್ಗೆ ಇನ್ನೊಂದು ಸಂಗತಿ ಇಲ್ಲಿ ಹೇಳಬೇಕು. ಅಂದಿನ ಮದ್ದು ನೀಲಿ ಬಣ್ಣಕ್ಕೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶವೆಲ್ಲ ಬೋಳಾಗಿ ಬರುತ್ತಿತ್ತು. ಅದಕ್ಕೆ ಟ್ರೈಪ್ 1855ರಲ್ಲಿ ಬರ್ಮಾದಲ್ಲಿ ತೆಗೆದ ನೆಗೆಟಿವ್‌ಗಳ ಮೇಲೆ ಕುಂಚದಿಂದ ಬಣ್ಣ ಹಚ್ಚಿ ಮೋಡಗಳನ್ನು ಮೂಡಿಸಿದರು. ಹಳೆಯ ಫೋಟೊ ಎಂದರೆ ಕಣ್ಣಿಗೆ ಕಂಡದ್ದರ ಅಚ್ಚು ಎಂದು ನಂಬುವವರು ಈ ಮೋಡಗಳನ್ನು ನೆನಪಿಟ್ಟುಕೊಳ್ಳಬೇಕು.

ತೆಗೆಯುವ ಕೈಯನ್ನೂ ಪ್ರಿಂಟ್ ಹಾಕುವ ಕೈಯನ್ನೂ ಬೇರೆ ಮಾಡಿದ್ದು ಅಮೆರಿಕದ ಜಾರ್ಜ್ ಈಸ್ಟ್‌ಮನ್. 1888ರ ಅವರ ಕೊಡಕ್ ಕ್ಯಾಮೆರಾದಲ್ಲಿ ನೂರು ಚಿತ್ರಗಳ ರೋಲ್ ತುಂಬಿ ಬರುತ್ತಿತ್ತು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಬೇಕು. ಉಳಿದದ್ದನ್ನೆಲ್ಲ ಕಂಪನಿ ನೋಡಿಕೊಳ್ಳುತ್ತಿತ್ತು. ಕೋಟ್ಯಂತರ ಜನರ ಕೈಗೆ ಕ್ಯಾಮೆರಾ ಬಂದದ್ದು ಇದರಿಂದ. ಆದರೆ ಚಿತ್ರ ಹೇಗಿರಬೇಕು ಎಂಬ ತೀರ್ಮಾನದ ಅರ್ಧಪಾಲು ಗುರುತಿಲ್ಲದ ಇನ್ನಾರದೋ ಕೈಗೆ ಹೋದದ್ದೂ ಇದರಿಂದಲೇ. ಮನೆಯ ಡಾರ್ಕ್‌ರೂಮ್ ಎಂಬುದು ಆ ಅರ್ಧವನ್ನು ವಾಪಸು ಕೇಳಿದವರ ಜಾಗ.

ಅದಕ್ಕೆ ದಾರಿ ಮಾಡಿದವರು ಬೆಲ್ಜಿಯಂನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ರಸಾಯನ ವಿಜ್ಞಾನಿ ಲಿಯೊ ಬೇಕ್‌ಲ್ಯಾಂಡ್. 1893ರಲ್ಲಿ ಅವರು 'ವೆಲಾಕ್ಸ್' ಎಂಬ ಪ್ರಿಂಟಿಂಗ್ ಕಾಗದ ತಂದರು. ಬಿಸಿಲು ಕಾಯಬೇಕಿಲ್ಲ, ಪ್ರತ್ಯೇಕ ಕೋಣೆಯೂ ಬೇಡ. ಗ್ಯಾಸ್ ದೀಪದ ಹತ್ತಿರ ಹಿಡಿದರೆ ಚಿತ್ರ ಅಚ್ಚಾಗುತ್ತದೆ, ಅದೇ ದೀಪವನ್ನು ಸಣ್ಣಗೆ ಮಾಡಿ ಕೊಂಚ ದೂರದಲ್ಲಿ ಕುಳಿತು ಡೆವಲಪ್ ಮಾಡಿದರಾಯಿತು. ಇದನ್ನು 1899ರಲ್ಲಿ ಈಸ್ಟ್‌ಮನ್ನರೇ ಕೊಂಡುಕೊಂಡರು. ಕೈಗೆ ಬಂದ ಹಣದಿಂದ ಬೇಕ್‌ಲ್ಯಾಂಡ್ ಮನೆಯಲ್ಲೇ ಪ್ರಯೋಗಾಲಯ ಕಟ್ಟಿಕೊಂಡು ಮುಂದೆ ಕಂಡುಹಿಡಿದದ್ದು ಬೇಕಲೈಟ್. ದೊಡ್ಡಪ್ಪನ ಟ್ರಂಕಿನಲ್ಲಿದ್ದ ಫಿಲ್ಮ್ ತೊಳೆಯುವ ಕಪ್ಪು ಡಬ್ಬಿ ಅದರದೇ. ಹೀಗೆ ಒಬ್ಬನೇ ಮನುಷ್ಯನ ಎರಡು ಕೆಲಸಗಳು ಎಷ್ಟೋ ಊರುಗಳ ಬಚ್ಚಲುಮನೆಗಳನ್ನು ಸೇರಿದವು.

ವೆಲಾಕ್ಸ್‌ನಲ್ಲಿ ನೆಗೆಟಿವ್ ಎಷ್ಟು ದೊಡ್ಡದೋ ಪ್ರಿಂಟೂ ಅಷ್ಟೇ. ಚಿತ್ರವನ್ನು ದೊಡ್ಡದು ಮಾಡಲು ಇನ್ನೂ ಚುರುಕಾದ ಬ್ರೋಮೈಡ್ ಕಾಗದ, ಬೆಳಕನ್ನು ಬಿತ್ತರಿಸುವ ಎನ್‌ಲಾರ್ಜರ್ ಬೇಕಾದವು. 1925ರಲ್ಲಿ ಬಂದ ಲೈಕಾ ಕ್ಯಾಮೆರಾದ ನೆಗೆಟಿವ್ ದೊಡ್ಡದೊಂದು ಅಂಚೆಚೀಟಿಯಷ್ಟು ಮಾತ್ರ. ಅಲ್ಲಿಂದ ಮುಂದೆ ಎನ್‌ಲಾರ್ಜರ್ ಇಲ್ಲದೆ ಗತಿಯಿಲ್ಲ ಎಂಬಂತಾಯಿತು.

ಬಿಳಿಗಾರ, ಪಟಿಕ, ಹೈಪೋ

ನಮ್ಮಲ್ಲಿ ಈ ಹವ್ಯಾಸಕ್ಕೆ ಬೇರು ಕೊಟ್ಟದ್ದು ಸಂಘಗಳು. ಬೆಂಗಳೂರಿನಲ್ಲಿ 1932ರಲ್ಲಿ ಮೈಸೂರು ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿತು. ಬೆಂಗಳೂರಿನ ವೈದ್ಯರಾದ ಡಾ. ಜಿ. ಥಾಮಸ್ 1950ರ ದಶಕದ ಆರಂಭದಲ್ಲಿ ದೇಶದ ಇಂಥ ಸಂಘಗಳನ್ನೆಲ್ಲ ಒಂದು ಒಕ್ಕೂಟಕ್ಕೆ ತಂದರು. 1971ರಲ್ಲಿ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಬಂತು. ವನ್ಯಜೀವಿ ಚಿತ್ರಗಳಿಗೆ ಹೊರದೇಶಗಳಲ್ಲೂ ಹೆಸರಾದ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ರಾಜ್ಯದ ಹಣಕಾಸು ಸಚಿವರೂ ಆಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಎಲ್ಲರೂ ಕಪ್ಪು-ಬಿಳುಪಿನ ಕಾಲದಲ್ಲಿ ಕೈ ಪಳಗಿಸಿಕೊಂಡವರು. ಸಲೊನ್ ಎಂದು ಕರೆಯುವ ಸ್ಪರ್ಧಾ ಪ್ರದರ್ಶನಗಳಿಗೆ ಹೋಗುತ್ತಿದ್ದುದು ಪ್ರಿಂಟ್. ತೀರ್ಪುಗಾರರು ನೋಡುತ್ತಿದ್ದುದು ಆ ಕಾಗದವನ್ನು. ಹಿಂದಿರುವ ನೆಗೆಟಿವ್ ಅವರಿಗೆ ಬೇಕಿರಲಿಲ್ಲ.

ಸಂಘಕ್ಕೆ ಸೇರದ ನಮ್ಮ ದೊಡ್ಡಪ್ಪನಂಥವರನ್ನು ಬಚ್ಚಲುಮನೆಗೆ ತಳ್ಳಿದ್ದು ಮಾತ್ರ ಸರಳವಾದ ಲೆಕ್ಕಾಚಾರ. ಬಡೋದೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಕ್ಯಾಮೆರಾ ಮಧ್ಯಮ ವರ್ಗದ ಮನೆಗಳಿಗೆ ಬಂದಿತ್ತು. ಒಂದು ರೋಲಿಗೆ ಹನ್ನೆರಡು ಚಿತ್ರ. ರೋಲ್ ತೊಳೆಸಲು ಸ್ಟುಡಿಯೋಗೆ ಕೊಟ್ಟರೆ ಬರುತ್ತಿದ್ದುದು ನೆಗೆಟಿವ್ ಅಳತೆಯ, ಎರಡೂಕಾಲು ಅಂಗುಲದ ಚೌಕ ಪ್ರಿಂಟುಗಳು. ಹತ್ತು ಜನರ ಗುಂಪಿನಲ್ಲಿ ಒಂದೊಂದು ಮುಖ ಕಡಲೆಬೇಳೆಯಷ್ಟು. ದೊಡ್ಡದು ಬೇಕೆಂದರೆ ಬೇರೆಯೇ ದರ. ತಿಂಗಳ ಸಂಬಳದಲ್ಲಿ ಅದು ಹೊಂದುತ್ತಿರಲಿಲ್ಲ ಎನ್ನುತ್ತಾರೆ ದೊಡ್ಡಪ್ಪ.

ವಿದೇಶಿ ಫಿಲ್ಮ್, ಕಾಗದಗಳ ಆಮದಿಗೆ ಆಗ ಕಡಿವಾಣವಿತ್ತು. ಆ ಕೊರತೆ ತುಂಬಲೆಂದು ಕೇಂದ್ರ ಸರ್ಕಾರ ಊಟಿಯಲ್ಲಿ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಸ್ಥಾಪಿಸಿದ್ದು 1960ರಲ್ಲಿ. ಫ್ರಾನ್ಸಿನ ಬೋಶೆ ಕಂಪನಿಯ ತಾಂತ್ರಿಕ ನೆರವಿನಿಂದ 1967ರಲ್ಲಿ ಉತ್ಪಾದನೆ ಆರಂಭವಾಯಿತು. ಅದರ ಸರಕಿನ ಹೆಸರು 'ಇಂದು', ಅಂದರೆ ಚಂದ್ರ. ಬೆಳ್ಳಿಯ ಲವಣದಿಂದ ಮಾಡುವ ವಸ್ತುವಿಗೆ ಒಪ್ಪುವ ಹೆಸರೇ. ಆದರೆ ಕನ್ನಡದ ಹುಡುಗರು ಅಂಗಡಿಯಲ್ಲಿ 'ಇಂದು ಪೇಪರ್ ಇದೆಯಾ' ಎಂದು ಕೇಳಿದರೆ 'ನಾಳೆ ಬರುತ್ತೆ' ಎಂಬ ಉತ್ತರ ಬರುತ್ತಿತ್ತೆಂದು ದೊಡ್ಡಪ್ಪ ಈಗಲೂ ನಗುತ್ತಾರೆ.

ಇನ್ನು ಮದ್ದುಗಳು. ದೊಡ್ಡಪ್ಪನ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಕಾಗದದ ಡೆವಲಪರ್ ಸೂತ್ರವಿದೆ. ಒಂದು ಲೀಟರ್ ನೀರಿಗೆ ಮೆಟಾಲ್ 3 ಗ್ರಾಂ, ಸೋಡಿಯಂ ಸಲ್ಫೈಟ್ 45 ಗ್ರಾಂ, ಹೈಡ್ರೊಕ್ವಿನೋನ್ 12 ಗ್ರಾಂ, ಸೋಡಿಯಂ ಕಾರ್ಬೊನೇಟ್ 80 ಗ್ರಾಂ, ಪೊಟ್ಯಾಸಿಯಂ ಬ್ರೋಮೈಡ್ 2 ಗ್ರಾಂ. ಇದು ಕೊಡಕ್ ಕಂಪನಿ ಡಿ-72 ಎಂಬ ಹೆಸರಿನಲ್ಲಿ ಪ್ರಕಟಿಸಿದ ಸೂತ್ರ. ಮೊದಲೆರಡು ಸಾಲಿನ ನಡುವೆ ಕೆಂಪು ಶಾಯಿಯಲ್ಲಿ 'ಮೊದಲು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್' ಎಂದು ಬರೆದಿದೆ. ಸಲ್ಫೈಟನ್ನೆಲ್ಲ ಮೊದಲೇ ಸುರಿದುಬಿಟ್ಟರೆ ಮೆಟಾಲ್ ಕರಗುವುದಿಲ್ಲ. ಆ ಕೆಂಪು ಸಾಲಿನ ಹಿಂದೆ ಹಾಳಾದ ಒಂದು ಲೀಟರಾದರೂ ಇದ್ದೇ ಇರಬೇಕು. ಮೆಟಾಲ್, ಹೈಡ್ರೊಕ್ವಿನೋನ್‌ಗಳನ್ನು ಕೆಮಿಕಲ್ಸ್ ಅಂಗಡಿಯಿಂದಲೇ ತರಬೇಕಿತ್ತು. ಕಾರ್ಬೊನೇಟ್ ಎಂದರೆ ಬಟ್ಟೆ ಒಗೆಯುವ ವಾಷಿಂಗ್ ಸೋಡಾದ ಶುದ್ಧರೂಪ. ಫಿಲ್ಮ್ ಡೆವಲಪರಿಗೆ ಹಾಕುವ ಬೊರಾಕ್ಸ್ ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರವೇ. ಬೇಸಿಗೆಯಲ್ಲಿ ಜಿಲೆಟಿನ್ ಪದರ ಮೆತ್ತಗಾಗಿ ಕಿತ್ತುಬರದಂತೆ ಹೈಪೋಗೆ ಬೆರೆಸುವ ಆಲಂ ಎಂದರೆ ಕ್ಷೌರದಂಗಡಿಯ ಪಟಿಕ. ಗ್ರಾಂ ಲೆಕ್ಕದಲ್ಲಿ ತೂಗಲು ದೊಡ್ಡಪ್ಪ ತಂದದ್ದು ಕೂಡ ಪರಿಚಯದ ಅಕ್ಕಸಾಲಿಯ ಹಳೆಯ ತಕ್ಕಡಿಯನ್ನು.

ಜಿಲೆಟಿನ್ ಎಂದಾಗ ಒಂದು ಸ್ವಾರಸ್ಯ ನೆನಪಾಗುತ್ತದೆ. ದನಗಳ ಮೂಳೆ, ಚರ್ಮದಿಂದ ಮಾಡುವ ಈ ಜಿಲೆಟಿನ್ ಕೆಲವು ಸಲ ಚೆನ್ನಾಗಿಯೂ ಕೆಲವು ಸಲ ಮಂದವಾಗಿಯೂ ಕೆಲಸ ಮಾಡುತ್ತಿತ್ತು. ಕಾರಣ ಹುಡುಕಿದ ಕೊಡಕ್ ವಿಜ್ಞಾನಿ ಶೆಪರ್ಡ್ 1925ರಲ್ಲಿ ಕಂಡದ್ದು ಸಾಸಿವೆಯ ಎಣ್ಣೆಯಲ್ಲಿರುವಂಥ ಗಂಧಕದ ಅಂಶವನ್ನು. ದನ ಮೇಯ್ದ ಸಾಸಿವೆ ಜಾತಿಯ ಗಿಡದಿಂದ ಬಂದದ್ದು ಅದು. ಮಡಿವಂತ ಮನೆಯೊಂದರ ಬಚ್ಚಲಿಗೆ ಇಂಥ ಕಾಗದ ಹೇಗೆ ಹೋಯಿತೆಂದು ದೊಡ್ಡಪ್ಪನನ್ನು ಕೇಳಿದೆ. 'ಜಿಲೆಟಿನ್ ಅಂದ್ರೇನು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ' ಎಂದರು.

ಬಚ್ಚಲುಮನೆಯೇ ಏಕೆಂದರೆ ಅಲ್ಲಿ ನೀರಿದೆ, ಕಿಟಕಿ ಒಂದೇ, ಅದೂ ಸಣ್ಣದು. ಅದಕ್ಕೆ ಕಂಬಳಿ ಹೊದಿಸಿ, ಬಾಗಿಲಿನ ಸಂದಿಗೆ ಹಳೆಯ ಪಂಚೆ ತುರುಕಿದರೆ ಕತ್ತಲೆ ಸಿದ್ಧ. ತೊಟ್ಟಿಯ ಮೇಲೆ ಹಲಗೆ ಹಾಸಿ ಮೂರು ತಟ್ಟೆಗಳನ್ನು ಸಾಲಾಗಿ ಇಡುವುದು. ಮೊದಲನೆಯದರಲ್ಲಿ ಡೆವಲಪರ್, ನಡುವೆ ಹುಳಿ ವಾಸನೆಯ ಅಸಿಟಿಕ್ ಆಮ್ಲದ ನೀರು, ಕೊನೆಗೆ ಹೈಪೋ. ಎಲ್ಲರ ಸ್ನಾನ, ಮುಸುರೆ ಮುಗಿದು ಒಲೆಯ ಕೆಂಡ ಆರಿದ ಮೇಲೆ, ಅಂದರೆ ರಾತ್ರಿ ಹತ್ತರ ನಂತರವೇ ಕೆಲಸ. ಲೋಡ್ ಶೆಡ್ಡಿಂಗ್ ಬಂದರೆ ಅಲ್ಲಿಗೆ ಮುಗಿಯಿತು.

ಕೆಂಪು ಬೆಳಕಿನ ಗುಟ್ಟು ಇಷ್ಟೆ: ಬ್ರೋಮೈಡ್ ಕಾಗದಕ್ಕೆ ಕೆಂಪು ಬಣ್ಣ ಕಾಣುವುದಿಲ್ಲ. ಫಿಲ್ಮಿಗೆ ಎಲ್ಲ ಬಣ್ಣವೂ ಕಾಣುತ್ತದೆ, ಆದ್ದರಿಂದ ಅದನ್ನು ಬೇಕಲೈಟ್ ಡಬ್ಬಿಯೊಳಗೆ ಸುತ್ತುವುದು ಪೂರ್ತಿ ಕತ್ತಲಲ್ಲಿ, ಬರೀ ಕೈಯಂದಾಜಿನಲ್ಲಿ. ಫಿಲ್ಮ್ ತೊಳೆದು ಒಣಗಿಸಿದ ಮೇಲೆ ನೆಗೆಟಿವ್ ಸಿದ್ಧ. ಅದನ್ನು ಎನ್‌ಲಾರ್ಜರಿನ ದೀಪಕ್ಕೂ ಲೆನ್ಸಿಗೂ ನಡುವೆ ಇಟ್ಟರೆ ಕೆಳಗಿನ ಹಲಗೆಯ ಮೇಲೆ ದೊಡ್ಡ ನೆಗೆಟಿವ್ ಬೀಳುತ್ತದೆ. ಎಷ್ಟು ಸೆಕೆಂಡ್ ಬೆಳಕು ಬೇಕೆಂದು ತಿಳಿಯಲು ಕಾಗದದ ಸಣ್ಣ ಪಟ್ಟಿಯೊಂದಕ್ಕೆ ಭಾಗಭಾಗವಾಗಿ 2, 4, 8, 16 ಸೆಕೆಂಡ್ ಬೆಳಕು ಕೊಟ್ಟು ಪರೀಕ್ಷಿಸಬೇಕು. ಆಮೇಲೆ ಪೂರ್ತಿ ಹಾಳೆ. ಬೆಳಕು ಕುಡಿದ ಹಾಳೆ ನೋಡಲು ಖಾಲಿಯೇ. ಅದನ್ನು ಡೆವಲಪರಿನಲ್ಲಿ ಮುಳುಗಿಸಿ ತಟ್ಟೆಯನ್ನು ಮೆಲ್ಲಗೆ ಅತ್ತಿತ್ತ ಓಲಾಡಿಸುತ್ತಿದ್ದರೆ ಹತ್ತು ಹದಿನೈದು ಸೆಕೆಂಡಿಗೆ ತಲೆಗೂದಲು, ಕಣ್ಣು, ಸೀರೆಯ ಅಂಚು ಹೀಗೆ ಕಪ್ಪು ಭಾಗಗಳು ಮೊದಲು ಮೂಡುತ್ತವೆ. ಮುಖ ಬರುವುದು ಆಮೇಲೆ. ಎರಡು ನಿಮಿಷಕ್ಕೆ ಚಿತ್ರ ಪೂರ್ಣ. ಬೆಳಕು ತಾಗಿದ ಬೆಳ್ಳಿಯ ಲವಣವನ್ನು ಡೆವಲಪರ್ ಶುದ್ಧ ಬೆಳ್ಳಿಯಾಗಿ ಮಾರ್ಪಡಿಸುತ್ತದೆ, ತಾಗದ್ದನ್ನು ಹೈಪೋ ಕರಗಿಸಿ ಹಾಕುತ್ತದೆ. ನಮಗೆ ಕಾಣುವ ಕಪ್ಪು ನುಣ್ಣಗಿನ ಬೆಳ್ಳಿಯ ಕಣಗಳದು. ಸ್ಟುಡಿಯೋಗಳ ಹಳೆಯ ಹೈಪೋ ನೀರನ್ನು ಬೆಳ್ಳಿಗಾಗಿ ಕೊಳ್ಳುವವರಿದ್ದದ್ದು ಸುಮ್ಮನೆ ಅಲ್ಲ.

ಕೊನೆಗೆ ತೊಳೆಯುವುದು. ಹೈಪೋ ಉಳಿದರೆ ವರ್ಷಗಳ ನಂತರ ಫೋಟೊ ಹಳದಿಯಾಗಿ ಕಂದುತ್ತದೆ. ದಪ್ಪ ಕಾಗದಕ್ಕೆ ಒಂದು ತಾಸು ನೀರು ಬೇಕು. ನಲ್ಲಿಯಲ್ಲಿ ರಾತ್ರಿ ನೀರಿಲ್ಲದ ಊರಿನಲ್ಲಿ ಬಕೆಟ್ಟಿನ ನೀರನ್ನು ಹತ್ತು ಸಲ ಬದಲಾಯಿಸುವುದೇ ಗತಿ. ಒದ್ದೆ ಪ್ರಿಂಟನ್ನು ಮುಖ ಅಡಿಯಾಗಿ ಬೀರುವಿನ ಕನ್ನಡಿಗೆ ಅಂಟಿಸಿ ಒತ್ತಿಬಿಟ್ಟರೆ ಬೆಳಗಿನ ಹೊತ್ತಿಗೆ ಒಣಗಿ, ಕನ್ನಡಿಯ ಹೊಳಪನ್ನೇ ಪಡೆದು ತಾನಾಗಿ ಉದುರುತ್ತಿತ್ತು.

ಒಂಬತ್ತು ಮತ್ತು ನಲವತ್ತು

ಇಷ್ಟು ಕೇಳಿದವರಿಗೆ ಇದು ಅಡುಗೆಯ ಹಾಗೆ ಅಳತೆ ಹಿಡಿದು ಮಾಡುವ ಕೆಲಸ ಎನಿಸಬಹುದು. ನೋಟ್‌ಬುಕ್ಕಿನ ಒಳಪುಟಗಳನ್ನು ನೋಡುವವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ. ಅಲ್ಲಿ ಪ್ರತಿ ಚಿತ್ರಕ್ಕೂ ಒಂದು ಸಣ್ಣ ನಕ್ಷೆ ಇದೆ. ಒಬ್ಬರ ಮುಖದ ಮೇಲೆ 'ಮೈನಸ್ 2', ಆಕಾಶದ ಮೇಲೆ 'ಪ್ಲಸ್ 10' ಎಂದು ಗುರುತು. ಬೆಳಕು ಬೀಳುತ್ತಿರುವಾಗ ಕಾಗದದ ಒಂದು ಭಾಗಕ್ಕೆ ಕೈ ಅಡ್ಡ ಹಿಡಿದರೆ ಅಲ್ಲಿ ಚಿತ್ರ ತಿಳಿಯಾಗುತ್ತದೆ. ಇದು ಡಾಡ್ಜಿಂಗ್. ತೂತು ಮಾಡಿದ ರಟ್ಟಿನ ಮೂಲಕ ಒಂದು ಭಾಗಕ್ಕೆ ಮಾತ್ರ ಹೆಚ್ಚು ಬೆಳಕು ಬಿಟ್ಟರೆ ಅಲ್ಲಿ ಕಪ್ಪಾಗುತ್ತದೆ. ಇದು ಬರ್ನಿಂಗ್. ಕಂಪ್ಯೂಟರಿನಲ್ಲಿ ಫೋಟೊ ತಿದ್ದುವವರು ಇಂದೂ ಇದೇ ಹೆಸರುಗಳ ಗುಂಡಿ ಒತ್ತುತ್ತಾರೆ. ನೆರಳಿನ ಅಂಚು ಕಾಣದಂತೆ ಕೈಯನ್ನು ಸದಾ ಅಲುಗಾಡಿಸುತ್ತಿರಬೇಕು. ಅಂದರೆ ಯಾವುದು ಕಾಣಬೇಕು, ಯಾವುದು ಕಾಣಬಾರದು ಎಂಬುದನ್ನು ಗಾಳಿಯಲ್ಲಾಡುವ ಒಂದು ಕೈ ತೀರ್ಮಾನಿಸುತ್ತಿತ್ತು.

1983ರ ಒಂದು ಪುಟದಲ್ಲಿ 'ಅಮ್ಮ' ಎಂಬ ತಲೆಬರಹ. 'ಮುಖ 9. ಬಾಗಿಲು 40.' ಅಷ್ಟೇ. ಅಜ್ಜಿ ತೀರಿಕೊಂಡದ್ದು ಆ ವರ್ಷ. ವೈಕುಂಠ ಸಮಾರಾಧನೆಗೆ ಇಡಲು ಫೋಟೊ ಬೇಕಾಗಿತ್ತು. ದೊಡ್ಡಪ್ಪನೇ ಹನ್ನೆರಡು ವರ್ಷ ಹಿಂದೆ, 1971ರಲ್ಲಿ, ತಂಗಿಯ ಮದುವೆಯ ಮಾರನೇ ದಿನ ಕ್ಲಿಕ್ 3ರಲ್ಲಿ ತೆಗೆದಿದ್ದ ಗುಂಪಿನ ಚಿತ್ರದಿಂದ ಅಜ್ಜಿಯೊಬ್ಬರನ್ನೇ ದೊಡ್ಡದು ಮಾಡಿದ್ದರು. ಮುಖಕ್ಕೆ ಒಂಬತ್ತು ಸೆಕೆಂಡ್ ಸಾಕಾಗಿದ್ದಾಗ ಬಾಗಿಲಿಗೆ ನಲವತ್ತು ಏಕೆ?

ಲಕೋಟೆ ಹುಡುಕಿ ಆ ನೆಗೆಟಿವ್ ತೆಗೆದೆ. ಅಂಚಿನಲ್ಲಿ ಬೂಷ್ಟು ಹಿಡಿಯಲು ಶುರುವಾಗಿತ್ತು. ಅದನ್ನು ಬಿಳಿ ಪರದೆಯ ಮುಂದೆ ಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆದು, ಕಪ್ಪು-ಬಿಳಿ ಅದಲುಬದಲು ಮಾಡಲು ಒಂದು ನಿಮಿಷವೂ ಬೇಕಾಗಲಿಲ್ಲ. ಜಗಲಿಯ ಮೇಲೆ ಹನ್ನೊಂದು ಜನ. ಬಲತುದಿಯಲ್ಲಿ ಬಾಗಿಲ ಮುಂದೆ ಅಜ್ಜಿ. ಅವರ ಹಿಂದೆ, ಹೊಸ್ತಿಲ ಒಳಗೆ, ತಲೆತುಂಬ ಸೆರಗು ಹೊದ್ದ ಇನ್ನೊಬ್ಬ ಹೆಂಗಸು. ಮುಖದ ಅರ್ಧಭಾಗ ಕಾಣುತ್ತದೆ. ಒಂದು ಕೈ ಬಾಗಿಲುವಾಡವನ್ನು ಹಿಡಿದಿದೆ. ನಾವು ಸುಣ್ಣದ ಕಲೆ ಎಂದುಕೊಂಡಿದ್ದ ನಾಲ್ಕು ಗೆರೆಗಳು ಅವರ ಬೆರಳುಗಳು.

'ದೊಡ್ಡಪ್ಪ, ಇವರು ಯಾರು?' ಎಂದು ಕೇಳಿದೆ. ಅವರು ಮೊಬೈಲನ್ನು ತುಸು ದೂರ ಹಿಡಿದು ನೋಡಿದರು. 'ಅತ್ತೆ' ಎಂದರು.

ಅಜ್ಜನ ತಂಗಿ. ಬಾಲವಿಧವೆ. ತಲೆಗೂದಲು ತೆಗೆಸಿ ಜೀವನಪೂರ್ತಿ ನಮ್ಮ ಮನೆಯ ಹಿಂಭಾಗದಲ್ಲೇ ಬದುಕಿದವರು, ದೊಡ್ಡಪ್ಪನನ್ನೂ ನಮ್ಮ ಅಪ್ಪನನ್ನೂ ಎತ್ತಿ ಆಡಿಸಿದವರು. ಮದುವೆಮನೆಯ ಫೋಟೊಗೆ ಅವರು ನಿಲ್ಲುವಂತಿರಲಿಲ್ಲ. ಕರೆದವರೂ ಇಲ್ಲ. ಒಳಗಿಂದ ಇಣುಕಿದ್ದು ಕ್ಯಾಮೆರಾಗೆ ಸಿಕ್ಕಿತ್ತು, ತೆಗೆದವರಿಗೂ ಆಗ ಗೊತ್ತಾಗಿರಲಿಲ್ಲ. ನನಗೆ ನೆನಪಿರುವಂತೆ ಮನೆಯಲ್ಲಿ ಅವರ ಒಂದು ಫೋಟೊವನ್ನೂ ನಾನು ಕಂಡಿಲ್ಲ.

1983ರಲ್ಲಿ ಸೂತಕದ ಹನ್ನೊಂದನೆಯ ರಾತ್ರಿ ಪ್ರಿಂಟ್ ಹಾಕಿದಾಗ ಎಲ್ಲಕ್ಕೂ ಒಂಬತ್ತೇ ಸೆಕೆಂಡ್ ಕೊಟ್ಟಿದ್ದಂತೆ. ಚಿತ್ರದಲ್ಲಿ ಇಬ್ಬರೂ ಬಂದರು. ಒದ್ದೆ ಹಾಳೆಯನ್ನು ಹಿತ್ತಿಲ ದೀಪದ ಕೆಳಗೆ ತಂದು ಅತ್ತೆಗೇ ಮೊದಲು ತೋರಿಸಿದರಂತೆ. ಅವರು ಬಹಳ ಹೊತ್ತು ನೋಡಿ, 'ಅತ್ತಿಗೆ ಚೆನ್ನಾಗಿ ಬಂದಿದಾಳೆ ಕಣೋ. ನಾನ್ಯಾಕೆ ಅಲ್ಲಿ? ನಾಳಿದ್ದು ನಾಲ್ಕು ಜನ ಬರೋ ಕಡೆ ಇಡೋದು. ನನ್ನ ತೆಗೆದುಬಿಡು' ಎಂದರಂತೆ. ದೊಡ್ಡಪ್ಪ ಒಳಗೆ ಹೋಗಿ ಬಾಗಿಲಿಗೆ ನಲವತ್ತು ಸೆಕೆಂಡ್ ಬೆಳಕು ಬಿಟ್ಟರು. ಬಾಗಿಲುವಾಡದವರೆಗೂ ಬಿಟ್ಟಿದ್ದರೆ ಅಜ್ಜಿಯ ಭುಜವೂ ಕಪ್ಪಾಗುತ್ತಿತ್ತು. ಹಾಗಾಗಿ ಬೆರಳು ಉಳಿದವು. ಮೊದಲ ಪ್ರಿಂಟನ್ನು ಹಂಡೆಯೊಲೆಗೆ ಹಾಕಿದರು.

'ಅವರು ಹೇಳಿದರು ಅಂತ ನೀವು ಮಾಡಿಬಿಟ್ಟಿರಾ?' ಎಂದೆ. 'ಆಗ ಹೇಳಿದ್ದನ್ನ ಮಾಡೋದೇ ಮರ್ಯಾದೆ ಅನ್ನಿಸ್ತು' ಎಂದರು. ಸ್ವಲ್ಪ ಹೊತ್ತಿನ ಮೇಲೆ, 'ನೀನು ಕೇಳೋ ಥರ ನಾನು ಆಗ ಕೇಳಲಿಲ್ಲ' ಎಂದು ಸೇರಿಸಿದರು. ಅತ್ತೆ 1991ರಲ್ಲಿ ತೀರಿಕೊಂಡಾಗ ಇಡಲು ಫೋಟೊ ಇರಲಿಲ್ಲ. ದೊಡ್ಡಪ್ಪ ಆ ಹೊತ್ತಿಗೆ ಟ್ರಂಕು ಕಟ್ಟಿ ಅಟ್ಟಕ್ಕೇರಿಸಿ ಆಗಿತ್ತು.

ಅವರು ನಿಲ್ಲಿಸಿದ್ದಕ್ಕೆ ಕಾರಣ ಎಲ್ಲರದೂ ಒಂದೇ. 1980ರ ದಶಕದಲ್ಲಿ ಕಲರ್ ಲ್ಯಾಬುಗಳು ಬಂದು ಒಂದು ತಾಸಿನಲ್ಲಿ ಬಣ್ಣದ ಪ್ರಿಂಟ್ ಕೊಡತೊಡಗಿದವು. ಕಪ್ಪು-ಬಿಳುಪಿನ ಕಾಗದ, ಮದ್ದು ಎರಡೂ ಅಪರೂಪವಾದವು. ಊಟಿಯ ಕಾರ್ಖಾನೆ 1990ರ ದಶಕದ ಮಧ್ಯದ ಹೊತ್ತಿಗೆ ರೋಗಗ್ರಸ್ತ ಉದ್ದಿಮೆಗಳ ಪಟ್ಟಿ ಸೇರಿತು. 2014ರಲ್ಲಿ ಕೇಂದ್ರ ಸಂಪುಟ ಉಳಿದ ನೌಕರರಿಗೆ ಸ್ವಯಂ ನಿವೃತ್ತಿ ಯೋಜನೆ ಒಪ್ಪಿದ ಮೇಲೆ ಆ ಅಧ್ಯಾಯ ಮುಗಿಯಿತು. ಕೊಡಕ್ 2005ರಲ್ಲೇ ಕಪ್ಪು-ಬಿಳುಪಿನ ಪ್ರಿಂಟಿಂಗ್ ಕಾಗದದ ತಯಾರಿಕೆ ನಿಲ್ಲಿಸಿತ್ತು. ಇಂಗ್ಲೆಂಡಿನ ಇಲ್ಫರ್ಡ್, ಚೆಕ್ ದೇಶದ ಫೋಮಾ ಕಾಗದಗಳು ಈಗಲೂ ಸಿಗುತ್ತವೆ, ಬೆಲೆ ಮಾತ್ರ ಗುಮಾಸ್ತರ ಸಂಬಳಕ್ಕೆ ಒಗ್ಗುವಂಥದ್ದಲ್ಲ.

ಆದರೆ ನೆಗೆಟಿವ್‌ಗಳು ಎಷ್ಟೋ ಮನೆಗಳ ಅಟ್ಟದ ಮೇಲಿವೆ. ನಮ್ಮ ಹವೆಯ ತೇವಕ್ಕೆ ಜಿಲೆಟಿನ್ ಎಂದರೆ ಬೂಷ್ಟಿಗೆ ಹಬ್ಬದೂಟ. ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬಾರದು. ಕಾಗದದ ಲಕೋಟೆಯಲ್ಲಿ, ಒಣ ಜಾಗದಲ್ಲಿ, ನಿಲ್ಲಿಸಿ ಇಡಬೇಕು. ವಿನಿಗರ್ ವಾಸನೆ ಬರುತ್ತಿದ್ದರೆ ಫಿಲ್ಮೇ ಕೆಡುತ್ತಿದೆ ಎಂದರ್ಥ. ಅಂಥವನ್ನು ಬೇರೆ ಮಾಡಿ ಬೇಗ ಪ್ರತಿ ಮಾಡಿಕೊಳ್ಳಬೇಕು. ಪ್ರಿಂಟ್ ಇದೆಯಲ್ಲ ಎಂದು ನೆಗೆಟಿವ್ ಎಸೆಯುವುದು ಮಾತ್ರ ಬೇಡ. ಪ್ರಿಂಟಿನಲ್ಲಿ ಇರುವುದು ಹಾಕಿದವರು ಕಾಣಿಸಬೇಕೆಂದದ್ದು ಮಾತ್ರ.

ಕಳೆದ ಮಾರ್ಗಶಿರದ ಒಂದು ರಾತ್ರಿ ದೊಡ್ಡಪ್ಪ ಬಚ್ಚಲುಮನೆಯನ್ನು ಮತ್ತೆ ಕತ್ತಲೆ ಮಾಡಿದರು. ಈಗ ಅಲ್ಲಿ ಹಂಡೆಯಿಲ್ಲ, ಗೋಡೆಗೆ ಬಿಳಿ ಟೈಲ್ಸ್ ಹಾಕಿದೆ, ಗೀಸರಿನ ಸಣ್ಣ ದೀಪಕ್ಕೆ ಕಪ್ಪು ಟೇಪ್ ಅಂಟಿಸಬೇಕಾಯಿತು. ಟ್ರಂಕಿನಲ್ಲಿದ್ದ ಇಂದು ಪೇಪರಿನ ಅವಧಿ ಮುಗಿದು ಮೂವತ್ತು ವರ್ಷ ದಾಟಿದೆ. ಬೆಳಕು ತೋರಿಸದೆ ಡೆವಲಪ್ ಮಾಡಿದರೂ ಹಾಳೆ ಬೂದಿ ಬಣ್ಣಕ್ಕೆ ತಿರುಗಿತು. ಬ್ರೋಮೈಡ್ ತುಸು ಹೆಚ್ಚು ಹಾಕಿದ ಮೇಲೆ ಬೂದಿ ಕೊಂಚ ಇಳಿಯಿತು. ಮೂರು ಹಾಳೆ ಹಾಳಾದವು. ನಾಲ್ಕನೆಯದಕ್ಕೆ ದೊಡ್ಡಪ್ಪ ಎಲ್ಲಕ್ಕೂ ಹದಿನಾಲ್ಕು ಸೆಕೆಂಡ್ ಇಟ್ಟು, ಬಾಗಿಲಿನ ಭಾಗಕ್ಕೆ ಐದು ಸೆಕೆಂಡ್ ಕೈ ಅಡ್ಡ ಹಿಡಿದರು. ಕೈ ಸ್ವಲ್ಪ ನಡುಗುತ್ತಿತ್ತು. ನೆರಳಿನ ಅಂಚು ಕಾಣದಂತೆ ಅಲುಗಾಡಿಸಬೇಕಲ್ಲ, ಹಾಗಾಗಿ ಅದರಿಂದ ಕೆಲಸ ಕೆಡಲಿಲ್ಲ. ತಟ್ಟೆಯಲ್ಲಿ ಮೊದಲು ಬಂದದ್ದು ಅಜ್ಜಿಯ ಸೀರೆಯಂಚು, ಆಮೇಲೆ ಬಾಗಿಲುವಾಡ, ಬೆರಳು. ಅತ್ತೆಯ ಮುಖ ಕೊನೆಗೆ, ಬೂದಿಯೊಳಗಿಂದ ಬೂದಿಯಾಗಿಯೇ ಬಂತು. ಕಣ್ಣು ನೇರವಾಗಿ ಕ್ಯಾಮೆರಾ ಕಡೆಗಿದೆ.

ಒದ್ದೆ ಪ್ರಿಂಟನ್ನು ಬೀರುವಿನ ಕನ್ನಡಿಗೆ ಅಂಟಿಸಿದೆವು. ಬೆಳಿಗ್ಗೆ ಆರಕ್ಕೆ ಅದು ನೆಲದ ಮೇಲಿತ್ತು. ನಡುಮನೆಯಲ್ಲಿ ಎಲ್ಲಿ ಹಾಕುವುದೆಂದು ಮನೆಯಲ್ಲಿ ಇನ್ನೂ ಒಮ್ಮತವಾಗಿಲ್ಲ. ಸದ್ಯಕ್ಕೆ ಅದು ದೊಡ್ಡಪ್ಪನ ಮೇಜಿನ ಗಾಜಿನಡಿಯಲ್ಲಿದೆ. ಪೆಟ್ಟಿಗೆಯಲ್ಲಿ ಇಂದು ಪೇಪರ್ ಇನ್ನು ಹದಿನೇಳು ಹಾಳೆ ಉಳಿದಿದೆ. ಎಣಿಸಿ ನೋಡಿದೆ, ನೆಗೆಟಿವ್‌ಗಳು ನಾನೂರ ಮೂವತ್ತೆರಡು.